ಹಾಸನದ ಪಾರ್ಕಿಗೆ ಮೊದಲು ಒಂದು ಓವನ್ ಬರಲಿ

ಹಾಸನಕ್ಕೂ ಒಂದು ಟೆಕ್ ಪಾರ್ಕ್ ಬೇಕು ಅಂತ ನಮ್ಮೂರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನನಗೂ ಬೇಕು. ಆದರೆ ಅದು ಊರಾಚೆ ಹೈವೇ ಪಕ್ಕದಲ್ಲಿ ಕಾಂಪೌಂಡ್ ಹಾಕಿಕೊಂಡು ಒಂಟಿಯಾಗಿ ನಿಲ್ಲೋದು ಬೇಡ. ಯೂನಿವರ್ಸಿಟಿ ಕ್ಯಾಂಪಸ್ಸಿನ ಒಳಗೇ ಇರಬೇಕು. ಪಾಠ ಹೇಳುವವರು, ಓದುವವರು, ದುಡ್ಡು ಹಾಕಿ ಸಾಮಾನು ತಯಾರಿಸುವವರು ಎಲ್ಲರೂ ಒಂದೇ ಗೇಟಲ್ಲಿ ಓಡಾಡುವ ಹಾಗಿರಬೇಕು. ಈ ಮಾತನ್ನು ಸುಮ್ನೆ ಹೇಳುತ್ತಿಲ್ಲ. ಅಂಥ ಒಂದು ಜಾಗದಲ್ಲಿ ಕೆಲವು ವರ್ಷ ಕೆಲಸ ಮಾಡಿ ಬಂದಿದ್ದೇನೆ. ಈಗ ಹಾಸನದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಬಾಡಿಗೆ ಶೆಡ್ ಹಿಡಿದು ಕಾಫಿಯ ತೇವ ಅಳೆಯುವ ಮೀಟರ್ ಮಾಡುತ್ತೇನೆ. ಅಲ್ಲಿ ಏನಿತ್ತು, ಇಲ್ಲಿ ಏನಿಲ್ಲ ಅನ್ನೋದು ನನಗೆ ದಿನಾ ಗೊತ್ತಾಗುತ್ತೆ.

ನಾನಿದ್ದದ್ದು ಚೆನ್ನೈನ ತರಮಣಿಯಲ್ಲಿ, ಐಐಟಿ ಮದ್ರಾಸ್ ರಿಸರ್ಚ್ ಪಾರ್ಕಿನ ಒಂದು ಸಣ್ಣ ಕಂಪನಿಯಲ್ಲಿ. ಆ ಪಾರ್ಕ್ ಶುರುವಾದದ್ದು 2010ರಲ್ಲಿ. ವಿಶ್ವವಿದ್ಯಾಲಯವೊಂದರ ಜೊತೆ ಹೀಗೆ ಅಂಟಿಕೊಂಡು ಬೆಳೆದ ರಿಸರ್ಚ್ ಪಾರ್ಕ್ ನಮ್ಮ ದೇಶದಲ್ಲಿ ಅದೇ ಮೊದಲು. ಅದರ ಹಿಂದೆ ಬಿದ್ದು ಕಟ್ಟಿಸಿದವರು ಪ್ರೊಫೆಸರ್ ಅಶೋಕ್ ಝುನ್‌ಝುನ್‌ವಾಲಾ. ಎತ್ತರದ ಕಟ್ಟಡ, ಲಿಫ್ಟು, ಕೆಳಗೆ ಕಾರು ನಿಲ್ಲಿಸೋ ಜಾಗ, ಇವೆಲ್ಲ ಬೆಂಗಳೂರಲ್ಲೂ ಬೇಕಾದಷ್ಟಿವೆ. ಅಲ್ಲಿ ಬೇರೆಯಾಗಿದ್ದದ್ದು ಬಾಡಿಗೆ ಕರಾರು.

ಬಾಡಿಗೆ ಕಟ್ಟಿದರೆ ಮುಗೀತು ಅನ್ನೋ ಹಾಗಿಲ್ಲ ಅಲ್ಲಿ. ಕಂಪನಿ ಕ್ರೆಡಿಟ್ ಗಳಿಸಬೇಕು. ಐಐಟಿ ವಿದ್ಯಾರ್ಥಿಗಳನ್ನು ಇಂಟರ್ನ್ ಆಗಿ ತಗೊಂಡರೆ ಕ್ರೆಡಿಟ್ ಬರುತ್ತೆ. ಮೇಷ್ಟ್ರ ಹತ್ತಿರ ಸಲಹೆ ಕೇಳಿ ಫೀಸು ಕೊಟ್ಟರೆ ಬರುತ್ತೆ. ಅವರ ಜೊತೆ ಸೇರಿ ಪ್ರಾಜೆಕ್ಟ್ ಮಾಡಿದರೆ, ಪೇಟೆಂಟ್ ಹಾಕಿದರೆ ಬರುತ್ತೆ. ಅಂದರೆ ಬೇಕೋ ಬೇಡವೋ ಕ್ಯಾಂಪಸ್ಸಿನ ಜನರ ಜೊತೆ ಮಾತಾಡಲೇಬೇಕು. ಕೇಳೋಕೆ ಇದು ಲೆಕ್ಕಪತ್ರದ ವಿಷಯದ ಹಾಗಿದೆ. ಆದರೆ ಆ ಪಾರ್ಕಿನ ಜೀವ ಇರೋದೇ ಇಲ್ಲಿ ಅಂತ ನನ್ನ ನಂಬಿಕೆ. ಜನರನ್ನು ಅಕ್ಕಪಕ್ಕ ಕೂರಿಸಿದ ಮಾತ್ರಕ್ಕೆ ಅವರು ಮಾತಾಡೋದಿಲ್ಲ. ಮಾತಾಡೋಕೆ ಒಂದು ನೆಪ ಬೇಕು. ಆ ನೆಪವನ್ನು ಕರಾರೇ ಒದಗಿಸಿತ್ತು.

ಒಂದು ಉದಾಹರಣೆ ಹೇಳುತ್ತೇನೆ. ನಾವು ಮಣ್ಣಿನ ತೇವ ಅಳೆಯೋ ಸೆನ್ಸರ್ ಬೋರ್ಡ್ ಮಾಡುತ್ತಿದ್ದೆವು. ಆಫೀಸಿನ ಎ.ಸಿ.ಯಲ್ಲಿ ಸರಿಯಾಗಿ ಓದುತ್ತಿದ್ದ ಬೋರ್ಡು ಹೊರಗೆ ಇಟ್ಟರೆ ರಾತ್ರಿ ಹೊತ್ತು ಏನೇನೋ ಅಂಕಿ ಕೊಡುತ್ತಿತ್ತು. ಸಾಫ್ಟ್‌ವೇರ್ ತಪ್ಪೇ ಇರಬೇಕು ಅಂತ ಎಲ್ಲರೂ ಕೋಡ್ ಮುಂದೆ ಕೂತಿದ್ದೆವು. ಕ್ರೆಡಿಟ್ ಲೆಕ್ಕಕ್ಕೆ ಅಂತ ತಗೊಂಡಿದ್ದ ಒಬ್ಬ ಎಂ.ಟೆಕ್. ಹುಡುಗ ಇದ್ದ. ಅವನು ಬೋರ್ಡನ್ನು ತಿರುಗಿಸಿ ತಿರುಗಿಸಿ ನೋಡಿ, "ಇದನ್ನ ನಮ್ಮ ಲ್ಯಾಬಿಗೆ ತಗೊಂಡು ಹೋಗ್ಲಾ?" ಅಂದ. ಸಂಜೆ ಹೊತ್ತಿಗೆ ಅದು ಅವನ ಮೇಷ್ಟ್ರ ಹ್ಯೂಮಿಡಿಟಿ ಚೇಂಬರ್ ಒಳಗಿತ್ತು. ತೇವ ಏರಿಸುತ್ತಾ ಹೋದ ಹಾಗೆ ಒಂದು ಕಡೆ ಕರೆಂಟು ಸೋರೋಕೆ ಶುರುವಾಯಿತು. ಬೆಸುಗೆ ಹಾಕುವಾಗ ಬಳಸಿದ ಫ್ಲಕ್ಸ್ ಒಂದು ಚಿಪ್ಪಿನ ಅಡಿಯಲ್ಲಿ ತೆಳ್ಳಗೆ ಉಳಿದುಬಿಟ್ಟಿತ್ತು. ಗಾಳಿಯ ತೇವ ಹೀರಿಕೊಂಡಾಗ ಅದೇ ಎರಡು ಕಾಲುಗಳ ನಡುವೆ ದಾರಿ ಮಾಡಿಕೊಡುತ್ತಿತ್ತು. ಆಲ್ಕೋಹಾಲ್ ಹಾಕಿ ಬ್ರಷ್ಷಿನಲ್ಲಿ ತೊಳೆದೆವು, ಮೇಲೆ ತೆಳುವಾಗಿ ಲೇಪ ಕೊಟ್ಟೆವು. ಬೋರ್ಡು ಸರಿಹೋಯಿತು.

ಆ ಚೇಂಬರನ್ನು ನಮ್ಮ ಕಂಪನಿ ಕೊಳ್ಳೋಕೆ ಸಾಧ್ಯವೇ ಇರಲಿಲ್ಲ. ಅದಕ್ಕೆ ಲಕ್ಷಗಟ್ಟಲೆ ದುಡ್ಡು, ನಮಗೆ ಬೇಕಾಗೋದು ಅಪರೂಪಕ್ಕೆ. ಅದಕ್ಕಿಂತ ಮುಖ್ಯವಾದದ್ದು, ಬೋರ್ಡನ್ನು ಎತ್ತಿಕೊಂಡು ಹೋಗಲಾ ಅಂತ ಕೇಳುವ ಒಬ್ಬ ಮನುಷ್ಯ ನಮ್ಮ ಮೇಜಿನ ಪಕ್ಕದಲ್ಲೇ ಕೂತಿದ್ದ. ಅವನು ಅದೇ ವಿಷಯ ಹಿಡಿದು ಪ್ರಾಜೆಕ್ಟ್ ರಿಪೋರ್ಟ್ ಬರೆದ. ಮೇಷ್ಟ್ರಿಗೆ ಕ್ಲಾಸಲ್ಲಿ ತೋರಿಸೋಕೆ ನಿಜವಾದ ಒಂದು ಉದಾಹರಣೆ ಸಿಕ್ಕಿತು. ಯಾರಿಗೂ ನಷ್ಟವಿಲ್ಲದ ವ್ಯವಹಾರ ಅಲ್ವಾ ಇದು?

ದೊಡ್ಡ ಉದಾಹರಣೆ ಬೇಕು ಅಂದರೆ ಅಗ್ನಿಕುಲ್ ಇದೆ. ಶ್ರೀನಾಥ್ ರವಿಚಂದ್ರನ್ ಮತ್ತು ಮೊಯಿನ್ ಅವರು ಅದೇ ಐಐಟಿಯ ಪ್ರೊಫೆಸರ್ ಸತ್ಯ ಚಕ್ರವರ್ತಿ ಅವರ ಜೊತೆ ಸೇರಿ 2017ರಲ್ಲಿ ಶುರು ಮಾಡಿದ ಕಂಪನಿ. 2024ರ ಮೇ 30ರಂದು ಶ್ರೀಹರಿಕೋಟಾದಿಂದ ಅವರ ರಾಕೆಟ್ ಹಾರಿತು. ಅದರ ಇಂಜಿನ್ನು ಜೋಡಣೆಯೇ ಇಲ್ಲದೆ ಒಂದೇ ತುಂಡಾಗಿ 3ಡಿ ಪ್ರಿಂಟ್ ಮಾಡಿದ್ದು. ಸ್ಕೂಟರ್ ಮಾಡುವ ಏಥರ್ ಕಂಪನಿ ಹುಟ್ಟಿದ್ದೂ ಐಐಟಿ ಮದ್ರಾಸಿನ ಆಸರೆಯಲ್ಲೇ. ನಮ್ಮ ಜಿಲ್ಲೆಗೆ ರಾಕೆಟ್ ಬೇಕು ಅಂತ ನಾನು ಹೇಳುತ್ತಿಲ್ಲ. ನನಗೆ ಬೇಕಿರೋದು ಇದಕ್ಕಿಂತ ತುಂಬ ಸಣ್ಣದು.

ಊರಿಗೆ ವಾಪಸ್ ಬಂದಮೇಲೆ ನಾನು ಹಿಡಿದದ್ದು ಕಾಫಿ ಮೀಟರ್. ಆಲೂರು ತಾಲ್ಲೂಕಿನಲ್ಲಿ ನಮ್ಮ ಸೋದರಮಾವನ ತೋಟ ಇದೆ. ಹಣ್ಣು ಕುಯ್ದು, ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಹಾಕಿ, ತೊಳೆದು ಕಣದಲ್ಲಿ ಹರಡಿದ, ಒಳಹೊಟ್ಟು ಅಂಟಿಕೊಂಡಿರುವ ಬೀಜದ, ಅಂದರೆ ಪಾರ್ಚ್‌ಮೆಂಟಿನ ತೇವ ಹತ್ತು ಪರ್ಸೆಂಟಿನ ಆಸುಪಾಸಿಗೆ ಇಳಿಯಬೇಕು. ಜಾಸ್ತಿ ಹಸಿ ಉಳಿದರೆ ಬೂಷ್ಟು ಹಿಡಿಯುತ್ತೆ, ವ್ಯಾಪಾರಿ ರೇಟು ಕತ್ತರಿಸುತ್ತಾನೆ. ಜಾಸ್ತಿ ಒಣಗಿದರೆ ತೂಕ ಹೋಗುತ್ತೆ, ಹೊಟ್ಟು ತೆಗೆಯುವ ಕ್ಯೂರಿಂಗ್‌ನಲ್ಲಿ ಬೀಜ ಒಡೆಯುತ್ತೆ. ತೇವದಲ್ಲಿ ಒಂದು ಪರ್ಸೆಂಟ್ ಆಚೀಚೆ ಆದರೆ 50 ಕೆಜಿ ಚೀಲಕ್ಕೆ ಹತ್ತಿರ ಹತ್ತಿರ ಅರ್ಧ ಕೆಜಿ ಲೆಕ್ಕ ತಪ್ಪುತ್ತೆ. ಲೋಡುಗಟ್ಟಲೆ ಮಾರುವವರಿಗೆ ಅದು ಸಣ್ಣ ಮೊತ್ತ ಅಲ್ಲ. ನಮ್ಮ ಮಾವನ ಹಾಗೆ ಕೆಲವೇ ಚೀಲ ಮಾರುವವರಿಗೂ ಅಲ್ಲ.

ಮೀಟರಿನ ಒಳಗೆ ಇರೋದು ಎರಡು ಲೋಹದ ತಟ್ಟೆ. ನಡುವೆ ಬೀಜ ಸುರಿಯುತ್ತೇವೆ. ತಟ್ಟೆಗಳ ನಡುವಿನ ವಸ್ತು ವಿದ್ಯುತ್ ಚಾರ್ಜ್ ಹಿಡಿದಿಡೋಕೆ ಎಷ್ಟು ನೆರವಾಗುತ್ತೆ ಅನ್ನೋದಕ್ಕೆ ಡೈಎಲೆಕ್ಟ್ರಿಕ್ ಅಂಕಿ ಅನ್ನುತ್ತಾರೆ. ನೀರಿನದ್ದು ಸುಮಾರು 80. ಒಣಗಿದ ಕಾಳಿನದ್ದು ಬೆರಳೆಣಿಕೆಯಷ್ಟು. ಹಾಗಾಗಿ ಬೀಜದಲ್ಲಿ ಒಂಚೂರು ನೀರು ಜಾಸ್ತಿ ಇದ್ದರೂ ಕೆಪಾಸಿಟೆನ್ಸ್, ಅಂದರೆ ತಟ್ಟೆಗಳು ಚಾರ್ಜ್ ಹಿಡಿದಿಡುವ ಶಕ್ತಿ, ಏರುತ್ತೆ. ಇಷ್ಟು ಸುಲಭ. ಕಷ್ಟ ಶುರುವಾಗೋದು ಬಿಸಿಲಲ್ಲಿ. ಮೊದಲ ಮಾದರಿಯನ್ನು ಮಾವನ ಕೈಗೆ ಕೊಟ್ಟು ಬಂದಿದ್ದೆ. ಅವರು ಫೋನ್ ಮಾಡಿ ಹೇಳಿದರು: "ನೋಡಮ್ಮ, ನಿನ್ನ ಮೀಟರು ಬೆಳಗ್ಗೆ ಒಂದು ಹೇಳುತ್ತೆ, ಮಧ್ಯಾಹ್ನ ಇನ್ನೊಂದು ಹೇಳುತ್ತೆ. ಕಾಫಿ ಅದೇ, ಕಣ ಅದೇ. ನಾನು ಯಾವುದನ್ನ ನಂಬ್ಲಿ?"

ಅವರು ಹೇಳಿದ್ದು ಸರಿ. ಕಣದ ಬಿಸಿಗೆ ಕಾದ ಬೀಜ ಬೇರೆ ಥರ ಓದುತ್ತೆ, ಬೆಳಗಿನ ಜಾವದ ತಣ್ಣನೆ ಬೀಜ ಬೇರೆ ಥರ ಓದುತ್ತೆ. ಅರೇಬಿಕಾ ಕೂತುಕೊಳ್ಳುವ ರೀತಿ ಬೇರೆ, ರೊಬಸ್ಟಾ ಬೇರೆ, ಸಿಪ್ಪೆ ಸಮೇತ ಒಣಗಿಸಿದ ಚೆರ್ರಿ ಇನ್ನೂ ಬೇರೆ. ಪ್ರತಿಯೊಂದಕ್ಕೂ ತಿದ್ದುಪಡಿಯ ಒಂದು ಪಟ್ಟಿ ಬೇಕು. ಆ ಪಟ್ಟಿ ಮಾಡೋಕೆ ಬೇರೆ ಬೇರೆ ತೇವದ ಕಾಫಿಯನ್ನು ಬೇರೆ ಬೇರೆ ಉಷ್ಣತೆಯಲ್ಲಿ ಇಟ್ಟು ಮೀಟರಿನಲ್ಲಿ ಓದಬೇಕು. ಆಮೇಲೆ ಅದೇ ಮಾದರಿಯನ್ನು ತೂಗಿ, 105 ಡಿಗ್ರಿ ಓವನ್ನಿನಲ್ಲಿ ಗಂಟೆಗಟ್ಟಲೆ ಒಣಗಿಸಿ, ಮತ್ತೆ ತೂಗಬೇಕು. ಕಮ್ಮಿಯಾದ ತೂಕವೇ ನೀರು. ಇದರಲ್ಲಿ ಯಾವ ಗುಟ್ಟೂ ಇಲ್ಲ. ಒಂದು ಒಳ್ಳೆ ಓವನ್, ಮಿಲಿಗ್ರಾಂ ತೋರಿಸುವ ತಕ್ಕಡಿ, ಒಂದು ಹ್ಯೂಮಿಡಿಟಿ ಚೇಂಬರ್ ಇದ್ದರೆ ಸಾಕು.

ಹತ್ತಿರದ ಒಂದು ಕಾಲೇಜಿನಲ್ಲಿ ಇವು ಮೂರೂ ಇದ್ದವು. ಹೋಗಿ ಕೇಳಿದೆ. ಲ್ಯಾಬಿನಲ್ಲಿದ್ದ ಮೇಡಂ ತುಂಬ ಖುಷಿಯಿಂದ ಚೇಂಬರಿನ ಮೇಲಿದ್ದ ಕವರ್ ತೆಗೆದು ತೋರಿಸಿದರು. ಅದನ್ನು ವರ್ಷಕ್ಕೊಮ್ಮೆ ಪರೀಕ್ಷೆ ಹೊತ್ತಲ್ಲಿ ಮಾತ್ರ ಆನ್ ಮಾಡುತ್ತಾರಂತೆ. ಆದರೆ ಹೊರಗಿನವರಿಗೆ ಕೊಡೋಕೆ ಅವರ ಹತ್ತಿರ ನಿಯಮವೇ ಇರಲಿಲ್ಲ. ಫೀಸು ತಗೊಂಡರೆ ಯಾವ ಖಾತೆಗೆ ಹಾಕಬೇಕು? ಯಂತ್ರ ಕೆಟ್ಟರೆ ಯಾರ ಜವಾಬ್ದಾರಿ? ಸಂಜೆ ಐದರ ಮೇಲೆ ಬೀಗ ಯಾರ ಹತ್ತಿರ ಇರಬೇಕು? ಅರ್ಜಿ ಕೊಟ್ಟೆ. ಅರ್ಜಿ ಒಂದು ಟೇಬಲ್‌ನಿಂದ ಇನ್ನೊಂದು ಟೇಬಲ್‌ಗೆ ಹೋಯಿತು. ಒಪ್ಪಿಗೆ ಬರುವಷ್ಟರಲ್ಲಿ ರೊಬಸ್ಟಾ ಕುಯ್ಲೂ ಮುಗಿದು ಕಣ ಖಾಲಿಯಾಗಿತ್ತು. ಆ ಮೇಡಂ ಮೇಲಾಗಲಿ ಕಾಲೇಜಿನ ಮೇಲಾಗಲಿ ನನಗೆ ಸಿಟ್ಟಿಲ್ಲ. ನಿಯಮ ಇಲ್ಲದ ಕಡೆ ಒಳ್ಳೆ ಮನಸ್ಸಿದ್ದವರೂ ಏನು ಮಾಡೋಕಾಗುತ್ತೆ? ಆದರೆ ಬೇಜಾರಾಗಿದ್ದು ನಿಜ. ಕಾಫಿಗೆ ಒಂದು ಸೀಸನ್ ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು.

ಕೊನೆಗೆ ಮಾದರಿಗಳನ್ನು ಗಾಳಿಯಾಡದ ಡಬ್ಬಿಗೆ ತುಂಬಿ ಬೆಂಗಳೂರಿನ ಒಂದು ಲ್ಯಾಬಿಗೆ ಕಳಿಸಿದೆ. ದುಡ್ಡು ಕಟ್ಟಿದೆ, ರಿಪೋರ್ಟ್ ಬಂತು. ಅಂಕಿ ಬಂತು, ಆದರೆ ಮಾತು ಬರಲಿಲ್ಲ. ಈ ಅಂಕಿ ಯಾಕೆ ಹೀಗಿದೆ, ಬೀಜವನ್ನು ಸುರಿಯೋ ಎತ್ತರ ಬದಲಾಯಿಸಿ ನೋಡಿದ್ದೀರಾ ಅಂತ ಕೇಳುವವರು ಆ ಕಾಗದದಲ್ಲಿ ಇರೋದಿಲ್ಲ. ಆ ಪ್ರಶ್ನೆಯನ್ನು ಆಮೇಲೆ ನನಗೆ ಕೇಳಿದವರು ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಇಲ್ಲೇ ಮನೆ ಕಟ್ಟಿಕೊಂಡಿರುವ ಒಬ್ಬ ಸರ್. ಒಂದು ಭಾನುವಾರ ಶೆಡ್ಡಿಗೆ ಬಂದು, ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು, ಒಂದು ಮುಷ್ಟಿ ಪಾರ್ಚ್‌ಮೆಂಟನ್ನು ಮೀಟರಿಗೆ ಮೆಲ್ಲಗೆ ಹಾಕಿದರು. ಅದೇ ಬೀಜವನ್ನು ತೆಗೆದು ಮತ್ತೆ ದಡಕ್ಕನೆ ಸುರಿದರು. ಎರಡೂ ಸಲ ಅಂಕಿ ಬೇರೆ ಬಂತು. "ಮೊದಲು ಇದನ್ನ ಸರಿ ಮಾಡಮ್ಮ, ಉಷ್ಣತೆ ಆಮೇಲೆ ನೋಡೋಣ" ಅಂದರು. ಈಗ ನಮ್ಮ ಮೀಟರಿಗೆ ಮೇಲೊಂದು ಲಾಳಿಕೆ ಇದೆ. ಅದರ ತಳದ ಮುಚ್ಚಳ ಎಳೆದರೆ ಬೀಜ ಪ್ರತಿ ಸಲವೂ ಒಂದೇ ಎತ್ತರದಿಂದ ಒಂದೇ ಥರ ಬೀಳುತ್ತೆ.

ಇಂಥ ಮಾತು ಅದೃಷ್ಟದಿಂದ, ಯಾವುದೋ ಭಾನುವಾರ ಸಿಗುವ ಹಾಗಾಗಬಾರದು. ಅದನ್ನು ದಿನಾ ಸಿಗುವ ಹಾಗೆ ಮಾಡುವ ವ್ಯವಸ್ಥೆಯನ್ನೇ ನಾನು ಪಾರ್ಕ್ ಅನ್ನುತ್ತಿರೋದು.

ಹಾಸನದಲ್ಲಿ ಏನಿದೆ ನೋಡಿ. ಸಾಲಗಾಮೆ ರಸ್ತೆಯಲ್ಲಿ 1960ರಲ್ಲಿ ಶುರುವಾದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿದೆ. ಅದೇ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ (ಎಂಸಿಎಫ್) ಇದೆ, 1982ರಿಂದ. ದೇಶದ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುವ ಜಾಗ ಅದು. ಕಾರೇಕೆರೆಯಲ್ಲಿ ಕೃಷಿ ಕಾಲೇಜಿದೆ. ಪಶುವೈದ್ಯ ಕಾಲೇಜಿದೆ, ಮೆಡಿಕಲ್ ಕಾಲೇಜಿದೆ. ಹೇಮಗಂಗೋತ್ರಿಯಲ್ಲಿ ಹಾಸನ ವಿಶ್ವವಿದ್ಯಾಲಯ ಇದೆ. ಘಟ್ಟದ ಕಡೆ ಹೋದರೆ ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನಲ್ಲಿ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಇದೆ. 1925ರಲ್ಲಿ ಹುಟ್ಟಿದ ಸಂಸ್ಥೆ. ನಮ್ಮ ತೋಟಗಳಲ್ಲಿರುವ ಎಸ್.795, ಚಂದ್ರಗಿರಿ ತಳಿಗಳು ಅಲ್ಲಿಂದ ಬಂದವು. ಇಷ್ಟು ಓದಿಕೊಂಡವರು, ಇಷ್ಟು ಯಂತ್ರಗಳು ಇಷ್ಟು ಹತ್ತಿರದಲ್ಲಿವೆ. ಹಾಸನದ ಆಲೂಗಡ್ಡೆ ಬೆಳೆಗಾರ, ಸಕಲೇಶಪುರದ ಕಾಫಿ ಬೆಳೆಗಾರ, ಹಾಲಿನ ಡೇರಿ ಎಲ್ಲರಿಗೂ ಅಳೆಯೋ ಕೆಲಸ, ಒಣಗಿಸೋ ಕೆಲಸ, ತಣ್ಣಗಿಡೋ ಕೆಲಸ ಇದ್ದೇ ಇದೆ. ನಡುವೆ ಒಂದು ಬಾಗಿಲು ಮಾತ್ರ ಇಲ್ಲ.

ಹಾಸನ ವಿಶ್ವವಿದ್ಯಾಲಯವನ್ನೂ ಸೇರಿಸಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು 2025ರಲ್ಲಿ ಕೇಳಿಬಂದಾಗ ನನಗೆ ತುಂಬ ಸಂಕಟವಾಯಿತು. ಮುಂದೆ ಬಂದ ಕಾರಣ ದುಡ್ಡಿನ ಕೊರತೆ. ಅದಕ್ಕೇ ಸ್ಟ್ಯಾನ್‌ಫರ್ಡ್ ಕಥೆಯನ್ನು ನಮ್ಮವರು ಓದಬೇಕು ಅನ್ನಿಸುತ್ತೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಆ ವಿಶ್ವವಿದ್ಯಾಲಯಕ್ಕೂ ದುಡ್ಡಿನ ಅಡಚಣೆ ಇತ್ತು. ಜಾಗ ಮಾತ್ರ ಸಾವಿರಾರು ಎಕರೆ. ಆದರೆ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ದಾನ ಕೊಡುವಾಗಲೇ ಈ ಭೂಮಿಯನ್ನು ಮಾರಬಾರದು ಅಂತ ಷರತ್ತು ಹಾಕಿದ್ದರು. ಮಾರೋ ಹಾಗಿಲ್ಲ, ಹಾಗಾಗಿ ಗುತ್ತಿಗೆಗೆ ಕೊಟ್ಟರು. 1951ರಲ್ಲಿ ಕ್ಯಾಂಪಸ್ ಜಾಗದಲ್ಲೇ ಇಂಡಸ್ಟ್ರಿಯಲ್ ಪಾರ್ಕ್ ಶುರುವಾಯಿತು. ಮೊದಲು ಬಂದ ಕಂಪನಿ ವೇರಿಯನ್. ಆಮೇಲೆ ಹ್ಯೂಲೆಟ್-ಪ್ಯಾಕರ್ಡ್. ಬಾಡಿಗೆ ಕೊಡುವ ಯಾರಾದರೂ ಬರಲಿ ಅನ್ನದೆ, ವಿಶ್ವವಿದ್ಯಾಲಯದ ಕೆಲಸಕ್ಕೆ ಹೊಂದುವ ಕಂಪನಿಗಳೇ ಬರಬೇಕು ಅಂತ ಹಟ ಹಿಡಿದವರು ಇಂಜಿನಿಯರಿಂಗ್ ಡೀನ್ ಆಗಿದ್ದ ಫ್ರೆಡರಿಕ್ ಟರ್ಮನ್. ಇವತ್ತು ನಾವು ಸಿಲಿಕಾನ್ ವ್ಯಾಲಿ ಅನ್ನೋದರ ಒಂದು ಬೇರು ಅಲ್ಲೇ ಇದೆ.

ಕೇಂಬ್ರಿಡ್ಜಿನ ಕಥೆ ನನಗೆ ಇನ್ನೂ ಇಷ್ಟ, ಯಾಕಂದರೆ ಅದು ನಿಧಾನ. ಅಲ್ಲಿನ ಟ್ರಿನಿಟಿ ಕಾಲೇಜಿನ ಒಂದು ಜಾಗವನ್ನು ಯುದ್ಧದ ಕಾಲದಲ್ಲಿ ಅಮೆರಿಕದ ಸೇನೆ ಬಳಸಿ ಬಿಟ್ಟು ಹೋಗಿತ್ತು. ಆಮೇಲೆ ಪಾಳು ಬಿದ್ದಿತ್ತು. 1970ರಲ್ಲಿ ಅದನ್ನು ಸೈನ್ಸ್ ಪಾರ್ಕ್ ಮಾಡಿದರು. ಕಾಲೇಜಿನ ಹಣಕಾಸು ನೋಡಿಕೊಳ್ಳುತ್ತಿದ್ದ ಜಾನ್ ಬ್ರಾಡ್‌ಫೀಲ್ಡ್ ಇದರ ಹಿಂದಿದ್ದವರು. ಮೊದಲ ಕಂಪನಿ ಒಳಗೆ ಬಂದದ್ದು 1973ರಲ್ಲಿ. ಅದಾದ ಮೇಲೂ ಎಷ್ಟೋ ವರ್ಷ ಬೆರಳೆಣಿಕೆಯ ಕಂಪನಿಗಳೇ ಇದ್ದವು. ಯಾರೂ ಬಂದಿಲ್ಲ ಅಂತ ಜಾಗವನ್ನು ಸೈಟ್ ಮಾಡಿ ಹಂಚಿಬಿಡಲಿಲ್ಲ. ನಮ್ಮಲ್ಲಿ ಯಾವ ಯೋಜನೆಗೂ ಅಷ್ಟು ತಾಳ್ಮೆ ಸಿಗೋದು ಕಷ್ಟ. ಇದಕ್ಕಾದರೂ ಸಿಗಬೇಕು.

ನಮ್ಮ ರಾಜ್ಯದಲ್ಲೂ ಇದು ಹೊಸತೇನಲ್ಲ. ಮೈಸೂರಿನ ಎಸ್‌ಜೆಸಿಇಯಲ್ಲಿ, ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಸ್ಟೆಪ್ ಅನ್ನೋ ಹೆಸರಿನ ಉದ್ಯಮಿ ಪಾರ್ಕುಗಳು ಕಾಲೇಜಿನ ಅಂಗಳದಲ್ಲೇ ಇವೆ.

ಭಯಪಡಬೇಕಾದ ವಿಷಯಗಳೂ ಇವೆ. ಸ್ಟ್ಯಾನ್‌ಫರ್ಡ್ ಪಾರ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಘಟಕಗಳ ದ್ರಾವಕಗಳು ನೆಲಕ್ಕೆ ಸೋರಿ ಅಂತರ್ಜಲ ಸೇರಿದವು. ಸೂಪರ್‌ಫಂಡ್ ಅನ್ನೋ ಸರ್ಕಾರಿ ಕಾರ್ಯಕ್ರಮದ ಅಡಿ ಅದನ್ನು ಶುದ್ಧಿ ಮಾಡುವ ಕೆಲಸ ಹಿಡಿಯಬೇಕಾಯಿತು. ಬೆಸುಗೆ, ಆಸಿಡ್, ಬೋರ್ಡ್ ತೊಳೆಯೋ ನೀರು ಎಲ್ಲಿಗೆ ಹೋಗುತ್ತೆ ಅಂತ ಮೊದಲ ದಿನವೇ ಕೇಳಬೇಕು. ಸುತ್ತಲ ಹಳ್ಳಿಯವರು ಕುಡಿಯೋದು ಬೋರ್‌ವೆಲ್ ನೀರು. ಎರಡನೇ ಭಯ, ಕ್ಯಾಂಪಸ್ ಜಾಗ ಕೈಬಿಟ್ಟು ಹೋಗೋದು. ಪಾರ್ಕ್ ಹೆಸರಲ್ಲಿ ಜಾಗ ತಗೊಂಡು ಕಾಲ್ ಸೆಂಟರ್‌ಗೋ ಗೋಡೌನ್‌ಗೋ ಬಾಡಿಗೆ ಕೊಟ್ಟರೆ ಮಕ್ಕಳಿಗೆ ಏನು ಸಿಕ್ಕಿತು? ಹಾಗಾಗಿ ಒಂದು ಅಡಿಯನ್ನೂ ಮಾರಬಾರದು. ಗುತ್ತಿಗೆ ಮಾತ್ರ. ಅದೂ ವಿದ್ಯಾರ್ಥಿಗಳಿಗೆ, ಮೇಷ್ಟ್ರಿಗೆ ಕೆಲಸ ಕೊಟ್ಟವರಿಗೆ ಮಾತ್ರ ಮುಂದುವರಿಯಬೇಕು. ಮೇಷ್ಟ್ರುಗಳೆಲ್ಲ ಕಂಪನಿ ಕೆಲಸಕ್ಕೆ ಬಿದ್ದು ಪಾಠ ಬಿಡುತ್ತಾರೆ ಅನ್ನೋ ಆಕ್ಷೇಪಣೆ ಕೇಳಿದ್ದೇನೆ. ವಾರಕ್ಕೆ ಇಷ್ಟೇ ಗಂಟೆ ಅಂತ ಮಿತಿ ಇಟ್ಟರೆ ಆಯಿತು. ಚೆನ್ನೈನಲ್ಲಿ ನಾನು ಕಂಡ ಮೇಷ್ಟ್ರು ನಮ್ಮ ಬೋರ್ಡನ್ನೇ ಕ್ಲಾಸಿಗೆ ಹಿಡಿದುಕೊಂಡು ಹೋಗುತ್ತಿದ್ದರು.

ನನ್ನ ಶೆಡ್ಡಿನಲ್ಲಿ ಈಗ ಇಬ್ಬರು ಕೆಲಸ ಮಾಡುತ್ತಾರೆ. ಒಬ್ಬಳು ಚನ್ನರಾಯಪಟ್ಟಣದವಳು, ಒಬ್ಬ ಅರಕಲಗೂಡಿನವನು. ಇಬ್ಬರೂ ಇಂಜಿನಿಯರಿಂಗ್ ಓದಿದವರು. ಅವರ ಕ್ಲಾಸಿನ ಹೆಚ್ಚಿನವರು ಬೆಂಗಳೂರಿನ ಪಿಜಿಗಳಲ್ಲಿದ್ದಾರೆ. ಅರಕಲಗೂಡಿನ ಹುಡುಗ ಬೆಸುಗೆ ಹಾಕಿದ ಬೋರ್ಡನ್ನು ಭೂತಗನ್ನಡಿಯಲ್ಲಿ ನೋಡದೆ ಕೆಳಗಿಡೋದಿಲ್ಲ. ಇಂಥ ಹುಡುಗರಿಗೆ ಊರಲ್ಲೇ ಒಳ್ಳೆ ಕೆಲಸ, ಕಲಿಯೋಕೆ ಒಳ್ಳೆ ಜನ ಸಿಗಬೇಕು ಅಂತ ಆಸೆ ಪಡೋದು ಜಾಸ್ತಿ ಆಯಿತಾ?

ಹಾಗಾಗಿ ನಾನು ಕೇಳುತ್ತಿರೋದು ಇಷ್ಟು. ಕಟ್ಟಡಕ್ಕೆ ಟೆಂಡರ್ ಕರೆಯೋದು ಆಮೇಲಾಗಲಿ. ಈಗ ಇರುವ ಒಂದು ಲ್ಯಾಬನ್ನು ಸಂಜೆ ಐದರಿಂದ ಎಂಟರವರೆಗೆ ಊರಿನ ಸಣ್ಣ ಕಂಪನಿಗಳಿಗೆ ತೆಗೆದಿಡಲಿ. ಗಂಟೆಗೆ ಇಷ್ಟು ಅಂತ ಫೀಸು ಗೋಡೆ ಮೇಲೆ ಬರೆಯಲಿ. ಅದರಲ್ಲಿ ಒಂದು ಪಾಲು ಲ್ಯಾಬಿನ ರಿಪೇರಿಗೆ, ಒಂದು ಪಾಲು ಜೊತೆಗಿರುವ ವಿದ್ಯಾರ್ಥಿಗೆ ಹೋಗಲಿ. ಯಂತ್ರ ಕೆಟ್ಟರೆ ಬಳಸಿದವರೇ ಕಟ್ಟಿಕೊಡಬೇಕು ಅಂತ ಬರೆಸಿಕೊಳ್ಳಲಿ, ನಾನು ಸೈನ್ ಹಾಕುತ್ತೇನೆ. ಪಕ್ಕದ ಒಂದೆರಡು ಖಾಲಿ ರೂಮುಗಳನ್ನು ಗುತ್ತಿಗೆಗೆ ಕೊಡಲಿ. ಅವು ತುಂಬಿದ ಮೇಲೆ ಕಟ್ಟಡದ ಮಾತು.

ಇದನ್ನೆಲ್ಲ ಪತ್ರದಲ್ಲಿ ಬರೆದು ಸಂಬಂಧಪಟ್ಟವರಿಗೆ ಕೊಡೋಕೆ ಸಿದ್ಧ ಮಾಡಿದ್ದೇನೆ. ಒಬ್ಬಳ ಸೈನ್ ಇದ್ದರೆ ಅದು ಒಬ್ಬಳ ಕೋರಿಕೆ ಅನ್ನಿಸುತ್ತೆ. ಹಾಸನ, ಹೊಳೆನರಸೀಪುರ, ಸಕಲೇಶಪುರ, ಬೇಲೂರು ಕಡೆ ಪಂಪ್ ಸ್ಟಾರ್ಟರ್ ಮಾಡುವವರು, ಡ್ರೈಯರ್ ಮಾಡುವವರು, ಹಾಲು ಟೆಸ್ಟ್ ಮಾಡುವ ಯಂತ್ರ ರಿಪೇರಿ ಮಾಡುವವರು ಇದ್ದೀರಿ. ನಿಮಗೆ ಯಾವ ಯಂತ್ರ ಬೇಕು, ವರ್ಷಕ್ಕೆ ಎಷ್ಟು ಗಂಟೆ ಬೇಕು ಅಂತ ಬರೆದು ತಿಳಿಸಿ. ಪಟ್ಟಿಯನ್ನು ಪತ್ರದ ಜೊತೆ ಲಗತ್ತಿಸುತ್ತೇನೆ. ಅರೇಬಿಕಾ ಕುಯ್ಲು ನವೆಂಬರಿಗೆ ಶುರುವಾಗುತ್ತೆ. ಅದಕ್ಕೆ ಮುಂಚೆ ಪತ್ರ ಅವರ ಟೇಬಲ್ ಮೇಲಿರಬೇಕು.